ನಗುವ ಮೀನಿನ ಅಚ್ಚು

ಆ ಮೀನು ನಗುತ್ತಿತ್ತು!

ಬಳ್ಳಾರಿಯ ಕೌಲ್ ಬಜಾರಿನ ಇಕ್ಕಟ್ಟು ರಸ್ತೆಯಲ್ಲಿ, ಆಟೋಗಳ ಗದ್ದಲದ ನಡುವೆ, ಯಶೋಧರಾ ನಿಂತಲ್ಲೇ ನಿಂತುಬಿಟ್ಟಳು. ಗಾಂಧಿನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಹಲ್ಲಿನ ಅಚ್ಚು ತೆಗೆಯುವುದು ಅವಳ ಕೆಲಸ. ಅಲ್ಲಿ ಕೆಟ್ಟುಹೋದ ಮೋಟಾರೊಂದನ್ನು ರಿಪೇರಿಗೆ ಕೊಡಲು ಬಂದಿದ್ದಳು. ಪಕ್ಕದ ಪುಟ್ಟ ಅಂಗಡಿಯ ಕಿಟಕಿಯಲ್ಲಿ ದಾರಕ್ಕೆ ತೂಗುಬಿಟ್ಟಿದ್ದ ಸೀಸದ ಮೀನು ಕಣ್ಣಿಗೆ ಬಿತ್ತು.

ಬೆರಳುದ್ದದ ಮೀನು, ಬಾಲದ ಬಳಿ ಕೊಕ್ಕೆ. ಗಾಳದ ದಾರಕ್ಕೆ ಕಟ್ಟಿ ಹೊಳೆಗೆ ಎಸೆದು ಎಳೆದರೆ, ದೊಡ್ಡ ಮೀನು ಇದನ್ನು ಮರಿಮೀನೆಂದು ನಂಬಿ ಬಾಯಿ ಹಾಕುತ್ತದೆ. ಇಂಥವು ಬೇಕಾದಷ್ಟು ಸಿಗುತ್ತವೆ. ಆದರೆ ಕಿವಿಯವರೆಗೂ ಬಾಯಿ ಎಳೆದು ನಗುವ ಮೀನು? ಮೀನಿಗೆ ಕಿವಿಯೆಲ್ಲಿ ಎಂದು ಕೇಳಬೇಡಿ. ಆ ನಗು ಬಿಡಿಸಿದ ಹುಡುಗಿಗೆ ಆಗ ಅಷ್ಟೆಲ್ಲ ತಿಳುವಳಿಕೆ ಇರಲಿಲ್ಲ.

ಆ ಹುಡುಗಿ ಯಶೋಧರಾಳೇ!

ಕೆಂಚನಗುಡ್ಡದಲ್ಲಿ ಅವಳ ಅಪ್ಪ ಹೊನ್ನೂರಪ್ಪ ಕುರುಗೋಡಿನಿಂದ ಬಳಪದ ಕಲ್ಲು ತಂದು, ಎರಡು ಹೋಳುಗಳಲ್ಲಿ ಮೀನಿನ ಆಕಾರ ಕೆತ್ತಿ ಅಚ್ಚು ಮಾಡಿದ್ದ. ಅಪ್ಪ ಊಟಕ್ಕೆ ಎದ್ದುಹೋದಾಗ ಮಗಳು ಪಿನ್ನು ತೆಗೆದುಕೊಂಡು ಮೀನಿನ ಬಾಯಿಯ ಬಳಿ ಬಾಗಿದ ಗೆರೆಯೊಂದನ್ನು ಗೀರಿದ್ದಳು. ಕಲ್ಲಿನಲ್ಲಿ ಗೀರಿದ್ದು ಸೀಸದಲ್ಲಿ ಉಬ್ಬಿ ಬಂತು. ಅಲ್ಲಿಂದ ಆ ಅಚ್ಚಿನ ಮೀನುಗಳೆಲ್ಲ ನಗುತ್ತಲೇ ಹುಟ್ಟಿದವು.

ಅಪ್ಪ ತೀರಿಕೊಂಡ ಕೆಲವೇ ದಿನಗಳಲ್ಲಿ ಆ ಅಚ್ಚು ಮನೆಯಿಂದ ಕಳುವಾಯಿತು. ಕದ್ದವನ ಹೆಸರೂ ಅವಳಿಗೆ ಗೊತ್ತಿತ್ತು.

"ಯಾರದಾರ್ರೀ ಅಂಗಡ್ಯಾಗ?" ಬಾಗಿಲಲ್ಲಿ ನಿಂತು ಕೂಗಿದಳು.

ಸ್ಟೌ ಮುಂದೆ ಕುಳಿತಿದ್ದವನು ತಿರುಗಿದ. ಕೈಯಲ್ಲಿದ್ದ ಕಬ್ಬಿಣದ ಸೌಟು ಹಾಗೇ ನಿಂತಿತು.

ಭೀಮರಾಜ!

'ಅವನೇ... ಅದೇ ಕಣ್ಣು!' ಎಂದುಕೊಂಡಳು ಯಶೋಧರಾ. ಎಷ್ಟು ವರ್ಷಗಳಿಂದ ಬೈಗುಳಗಳನ್ನು ಕೂಡಿಟ್ಟಿದ್ದಳು! ಈಗ ಒಂದೂ ಬಾಯಿಗೆ ಬರಲಿಲ್ಲ.

"ಯಶಿ..." ಅವನು ಎದ್ದು ನಿಂತ.

"ಯಶೋಧರಾ ಅನ್ರಿ. ಈ ಮೀನು ಯಾವ ಅಚ್ಚಿಂದು? ಹೇಳ್ರಿ!"

ಒಂದು ಕಾಲದಲ್ಲಿ "ಲೇ ಭೀಮ" ಎಂದು ಊರೆಲ್ಲ ಕೇಳುವಂತೆ ಕೂಗುತ್ತಿದ್ದವಳು. ಈಗ ಆ 'ರಿ' ಅವನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

"ಮಾವನ ಅಚ್ಚಿಂದು," ಎಂದ ಮೆಲ್ಲಗೆ.

"ಮಾವ ಅನ್ನಾಕ ನಾಚಿಕಿ ಬರಂಗಿಲ್ಲೇನ್ರಿ? ಮಗನಂಗ ಸಾಕಿದ ನಮ್ಮಪ್ಪ. ಅವನ ಮಣ್ಣು ಆರೋದ್ರೊಳಗ ಅಚ್ಚು ಕದ್ದು ಓಡಿಬಂದ್ರಿ!"

ಭೀಮರಾಜ ಸೌಟನ್ನು ಕೆಳಗಿಟ್ಟ. ಒಳಗೆ ಹೋಗಿ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ತಂದು ಅವಳ ಕೈಗಿಟ್ಟ. ಕಿಟಕಿಯ ಮೀನನ್ನೂ ಬಿಚ್ಚಿ ಅದರ ಮೇಲಿಟ್ಟ.

"ನಿಂದ ಐತಿ, ತಗಾ. ಒಂದ ಮಾತು... ಕಲ್ಲು ಬೆಚ್ಚಗ ಮಾಡದ ಸೀಸ ಹುಯ್ಯಬ್ಯಾಡ."

ಅಷ್ಟೇ! ಜಗಳ ಕಾಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಯಶೋಧರಾ ಗೆದ್ದು ಹೊರಬಂದಳು. ಗೆದ್ದವಳ ಕಣ್ಣಲ್ಲಿ ಯಾಕೆ ನೀರು ಬಂತೋ ಅವಳಿಗೇ ತಿಳಿಯಲಿಲ್ಲ.

ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದಳು. ಅಮ್ಮ ಹಂಪಕ್ಕ ಈಗ ಅಲ್ಲೇ ಇದ್ದಾಳೆ, ಅಂಗನವಾಡಿಯಲ್ಲಿ ಸಹಾಯಕಿ. ಅಚ್ಚನ್ನು ಅಮ್ಮನ ಮಡಿಲಿಗೆ ಹಾಕಿ, "ನೋಡವ್ವಾ, ಕಳ್ಳನ ಹಿಡದೆ!" ಎನ್ನಬೇಕು. ದಾರಿಯುದ್ದಕ್ಕೂ ಅದೇ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕಿದಳು.

ಕುರುಗೋಡಿನ ಗುಡ್ಡದ ಬಂಡೆಗಳು ಕಿಟಕಿಯಲ್ಲಿ ಕಂಡದ್ದೇ ತಡ, ಮನಸ್ಸು ಮಾತು ಕೇಳಲಿಲ್ಲ. ಕೆಂಚನಗುಡ್ಡಕ್ಕೆ ಓಡಿಹೋಯಿತು.

ಹೊಳೆದಂಡೆಯ ಆ ಹಿತ್ತಿಲು... ಮೂರು ಕಲ್ಲಿನ ಒಲೆ. ಟೈರ್ ಅಂಗಡಿಯಿಂದ ಅಪ್ಪ ತಂದ, ಚಕ್ರಕ್ಕೆ ಹಾಕುವ ತೂಕದ ಹಳೆ ಸೀಸ ಬಾಣಲೆಯಲ್ಲಿ ಕರಗಿ ಕನ್ನಡಿಯಂತೆ ಆಗುತ್ತಿತ್ತು. ಅಚ್ಚಿಗೆ ಮಸಿ ಹಿಡಿಸುವುದು ಯಶೋಧರಾಳ ಪಾಲಿನ ಕೆಲಸ. ಕಲ್ಲಿನ ಹೋಳುಗಳನ್ನು ಚಿಮಣಿ ದೀಪದ ಮೇಲೆ ಹಿಡಿದು, ಒಳಮೈಯೆಲ್ಲ ಕಪ್ಪಾಗುವಂತೆ ತಿರುಗಿಸಬೇಕು. ಆಗಲೇ ಸೀಸ ಮೂಲೆ ಮೂಲೆಗೂ ಹರಿಯುತ್ತದೆ, ಮೀನಿನ ಮೈ ನುಣುಪಾಗಿ ಬರುತ್ತದೆ. ಭೀಮರಾಜ ಕೊಕ್ಕೆ ಇಡುತ್ತಿದ್ದ, ಹೋಳು ಜೋಡಿಸಿ ಒತ್ತಿ ಹಿಡಿಯುತ್ತಿದ್ದ. ಅಪ್ಪ ಸೀಸ ಹೊಯ್ಯುತ್ತಿದ್ದ.

ಕೆಲಸ ಮುಗಿದಾಗ ಅವಳ ಮಸಿ ಬೆರಳು ಭೀಮನ ಮೂಗಿನ ಮೇಲೆ ಇರಲೇಬೇಕು. ಅವನು ಒರೆಸಿಕೊಳ್ಳುತ್ತಿರಲಿಲ್ಲ! ಹಾಗೇ ಊರೆಲ್ಲ ತಿರುಗುತ್ತಿದ್ದ.

ಒಮ್ಮೆ ಅಚ್ಚು ಹೊಲಸಾಗಿದೆಯೆಂದು ಅವಳೇ ತೊಳೆದಿಟ್ಟಿದ್ದಳು, ಯಾರಿಗೂ ಹೇಳದೆ. ಹಸಿ ಕಲ್ಲಿಗೆ ಸೀಸ ಬಿದ್ದದ್ದೇ ಚಟಾರೆಂದು ಸಿಡಿಯಿತು. ಭೀಮ ಅವಳ ಮುಖಕ್ಕೆ ತನ್ನ ಕೈ ಅಡ್ಡ ಹಿಡಿದ.

"ಯಾರಲೇ ಇದನ್ನ ತೊಳದವರು?" ಅಪ್ಪ ಗುಡುಗಿದ್ದ.

"ನಾನ ತೊಳದೆ ಮಾವ, ಒಣಗಸಾಕ ಮರತೆ," ಎಂದಿದ್ದ ಭೀಮ. ಸುಟ್ಟ ಕೈಗೆ ಅಪ್ಪನ ಬೈಗುಳ ಬೇರೆ!

'ಆಗಿನ ಭೀಮ ಬೇರೆ, ಈ ಕಳ್ಳ ಬೇರೆ...' ಯಶೋಧರಾ ಕಣ್ಣು ಒರೆಸಿಕೊಂಡಳು.

ಸಿರುಗುಪ್ಪದ ಮನೆಯಲ್ಲಿ ಹಂಪಕ್ಕ ಗಂಟು ಬಿಚ್ಚಿದಳು. ಮಾಸಿದ ಕಲ್ಲು, ಅದರ ಮೇಲೆ ನಗುವ ಮೀನು.

"ಇದು... ಇದಿನ್ನೂ ಐತಿ?"

"ಆ ಭೀಮನ ಹತ್ರ ಇತ್ತವ್ವಾ! ಕದ್ದುಕೊಂಡು ಹೋಗಿ ಕೌಲ್ ಬಜಾರ್ನಾಗ ಅಂಗಡಿ ಇಟ್ಟಾನ!"

"ಅವ ಕದ್ದಿಲ್ಲ ಮಗಳ."

"ಮತ್ತ?"

ಹಂಪಕ್ಕ ಗೋಡೆಗೆ ಒರಗಿ ಕುಳಿತಳು.

"ನಿಮ್ಮಪ್ಪ ಹೋದಾಗ ನೀ ಈ ಕಲ್ಲು ಮಡಲಾಗ ಇಟ್ಕೊಂಡು ಕುಂತುಬಿಟ್ಟಿದ್ದಿ. ಉಣ್ಣಲಿಲ್ಲ, ಮಲಗಲಿಲ್ಲ, ಪರೀಕ್ಷಿ ಐತಿ ಅಂದ್ರ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಗಂಡನ ಕಳಕೊಂಡಿದ್ದೆ, ಮಗಳನ್ನೂ ಕಳಕೋತೀನಿ ಅನಿಸ್ತು. ನಿನಗ ಜೋಂಪು ಹತ್ತಿದಾಗ ನಾನ ತಗದು ಭೀಮನ ಕೈಯಾಗ ಕೊಟ್ಟೆ. ಹೊಳಿಗೆ ಹಾಕಿ ಬಾ ಅಂದೆ. ಯಶಿಗೆ ಹೇಳಿದ್ರ ನನ್ನಾಣಿ ಅಂದೆ."

"ಅವ್ವಾ!"

"ನೀ ಎದ್ದು ಕಳ್ಳ, ಕಳ್ಳ ಅಂತ ಒದರಿದಿ. ಅವತ್ತ ನೀ ಮೊದಲ ಸಲ ಬಾಯಿ ಬಿಟ್ಟಿದ್ದು. ಸಿಟ್ಟಿನಾಗ ಒಂದು ರೊಟ್ಟಿ ಮುರದು ತಿಂದಿ. ಇರ್ಲಿ ಬಿಡು, ಸಿಟ್ಟಿನ ಮ್ಯಾಲಾದ್ರೂ ಬದುಕ್ತಾಳ ಅಂತ ನಾ ಸುಮ್ಮನಾದೆ... ಆ ಹುಡುಗನೂ ಸುಮ್ಮನಾದ. ಅವತ್ತ ಊರು ಬಿಟ್ಟ."

ಅಂದು ರೊಟ್ಟಿ ತಿಂದದ್ದು ಯಶೋಧರಾಳಿಗೆ ನೆನಪಿತ್ತು. ಆ ರೊಟ್ಟಿಗಾಗಿ ಯಾರು ತಮ್ಮ ಹೆಸರು ಕೆಡಿಸಿಕೊಂಡಿದ್ದರೆಂದು ಗೊತ್ತಿರಲಿಲ್ಲ.

'ನಾನ ತೊಳದೆ ಮಾವ...' ಅಂದೂ ಅವನೇ ತಪ್ಪು ಹೊತ್ತಿದ್ದ. ಇಷ್ಟು ವರ್ಷವೂ ಅವನೇ ಹೊತ್ತ. ಅಂಗಡಿಯಲ್ಲಿ ಅವನ ಮುಖಕ್ಕೇ ಕಳ್ಳ ಎಂದಾಗಲೂ...

ಅಮ್ಮನ ಮಡಿಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಹಂಪಕ್ಕ ತಾನೂ ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು, "ನಾ ಹೊಳಿಗೆ ಹಾಕಂದ್ರ ಹಾಕದ ಇಟ್ಕೊಂಡಾನ, ಮಾತು ಕೇಳದವನು! ಅತ್ತಿ ಕರದಾಳ ಅಂತ ಹೇಳು ಅವಗ," ಎಂದಳು. ಆ 'ಅತ್ತಿ'ಯನ್ನು ಅವಳು ಒತ್ತಿ ಹೇಳಿದ ರೀತಿಗೆ ನಾಚಿ ಯಶೋಧರಾ ತಲೆ ಎತ್ತಲಿಲ್ಲ.

ಮರುದಿನ ಸಂಜೆ ಕೌಲ್ ಬಜಾರಿನಲ್ಲಿ ಅವನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಯಶೋಧರಾ ಓಡಿದಳು.

'ಮತ್ತೆ ಹೊರಟುಹೋದನಾ? ದೇವರೇ, ಬೇಡ...'

ಬಗ್ಗಿ ಒಳಗೆ ನುಗ್ಗಿದಳು. ಭೀಮರಾಜ ಎಲ್ಲಿಗೂ ಹೋಗಿರಲಿಲ್ಲ. ಪೇಪರ್ ಹಾಸಿಕೊಂಡು ಮಂಡಕ್ಕಿ-ಮಿರ್ಚಿ ತಿನ್ನುತ್ತಿದ್ದ! ಅವಳನ್ನು ಕಂಡು ಕೈಯಲ್ಲಿದ್ದ ಮಿರ್ಚಿ ಕೆಳಗೆ ಬಿತ್ತು.

"ಯಾಕ ಹೇಳಲಿಲ್ಲ?" ಎಂದಳು.

ಅವನಿಗೆ ಅರ್ಥವಾಯಿತು.

"ಅತ್ತಿ ಆಣಿ ಹಾಕಿದ್ರು."

"ಹೊಳಿಗೆ ಯಾಕ ಹಾಕಲಿಲ್ಲ?"

"ಹೊಳಿ ತನಕಾ ಹೋದೆ ಯಶಿ. ನಡು ಮಟ ನೀರಾಗ ನಿಂತೆ. ಹೋಳು ಬಿಚ್ಚಿ ನೋಡಿದ್ರ ಒಳಗ ನಿನ್ನ ಗೀರು... ಕೈ ಬರಲಿಲ್ಲ. ಆಮ್ಯಾಲೆ ಊರಾಗ ಹೆಂಗ ಇರ್ಲಿ? ನೀ ಕೇಳಿದ್ರ ನಾ ಸುಳ್ಳು ಹೇಳಾಕ ಆಗ್ತಿರಲಿಲ್ಲ."

ಯಶೋಧರಾ ಬ್ಯಾಗಿನಿಂದ ಆ ಮೀನನ್ನು ತೆಗೆದು ಅವನ ಮುಂದೆ ಹಿಡಿದಳು. ಮೈಯೆಲ್ಲ ಸುಕ್ಕು ಸುಕ್ಕು.

"ಇದರ ಅಚ್ಚಿಗೆ ಮಸಿ ಹಿಡಿಸಿಲ್ಲ. ಅಪ್ಪ ನೋಡಿದ್ರ ಬಾರಸ್ತಿದ್ದ ನಿನ್ನ."

"ಅದು ನಿನ್ನ ಕೆಲಸ ಆಗಿತ್ತು," ಎಂದ ಅವನು. "ಉಳದಿದ್ದೆಲ್ಲ ನಾ ಮಾಡ್ದೆ. ಅದೊಂದು ಮುಟ್ಟಲಿಲ್ಲ."

"ಸುಕ್ಕುಗಟ್ಟಿದ ಮೀನ ಯಾರು ತಗೋತಾರ?"

"ಈ ಅಚ್ಚಿನ ಮೀನು ಯಾರಿಗೂ ಮಾರಿಲ್ಲ. ಮಾರೋದಕ್ಕ ಬ್ಯಾರೆ ಅಚ್ಚು ಅದಾವ."

"ಮತ್ತ ಕಿಟಕ್ಯಾಗ ಯಾಕ ಕಟ್ಟಿದ್ದಿ?"

ಭೀಮರಾಜ ನೆಲ ನೋಡಿದ.

"ಬಾಯಿ ಬಿಟ್ಟು ಹೇಳಬಾರದಿತ್ತು... ಮೀನು ಕಟ್ಟಬಾರದು ಅಂತೇನು ಆಣಿ ಇರಲಿಲ್ಲ. ನೀ ಬಳ್ಳಾರ್ಯಾಗ ಅದಿ ಅಂತ ಗೊತ್ತಿತ್ತು. ಎಂದರ ಒಂದಿನ ಈ ದಾರಿಗೆ ಬಂದ್ರ, ಆ ನಗು ಗುರ್ತು ಹಿಡಿಯಾಕಿ ಜಗತ್ತಿನ್ಯಾಗ ನೀ ಒಬ್ಬಾಕಿ."

ಯಶೋಧರಾಳ ಕೆನ್ನೆ ಮೇಲೆ ಕಣ್ಣೀರು, ತುಟಿಯ ಮೇಲೆ ನಗು. ಎರಡೂ ಒಟ್ಟಿಗೆ!

"ನನಗ ಬೈಯಿ ಭೀಮ. ಕಳ್ಳ ಅಂದೀನಿ ನಿನಗ."

"ಅನ್ನು. ನೀ 'ರಿ' ಹಚ್ಚಿ ಮಾತಾಡಿದಿ ನೋಡು, ಅದು ತಡಕೊಳ್ಳಾಕ ಆಗಲಿಲ್ಲ."

ಅವಳು ಬ್ಯಾಗಿನಿಂದ ಇನ್ನೊಂದು ವಸ್ತು ಹೊರತೆಗೆದಳು. ಅಮ್ಮ ಅಟ್ಟದಿಂದ ಇಳಿಸಿಕೊಟ್ಟ ಹಳೆಯ ಚಿಮಣಿ ದೀಪ. ಹೊತ್ತಿಸಿ, ಜೊತೆಗೇ ತಂದಿದ್ದ ಅಚ್ಚಿನ ಹೋಳುಗಳನ್ನು ಒಂದೊಂದಾಗಿ ಜ್ವಾಲೆಯ ಮೇಲೆ ತಿರುಗಿಸಿದಳು. ಕಲ್ಲು ಬೆಚ್ಚಗಾಯಿತು, ಕಪ್ಪಾಯಿತು. ಭೀಮರಾಜ ಸೀಸ ಕರಗಿಸಿ, ಕೊಕ್ಕೆ ಇಟ್ಟು ಹೋಳು ಜೋಡಿಸಿದ. ಅಪ್ಪನ ಜಾಗದಲ್ಲಿ ಸೌಟು ಹಿಡಿದಾಗ ಅವನ ಕೈಯ ಸುಟ್ಟ ಕಲೆ ಬೆಳಕಿಗೆ ಬಂತು. ಯಶೋಧರಾ ಅದರ ಮೇಲೆ ಮೆಲ್ಲಗೆ ಬೆರಳಿಟ್ಟಳು.

"ತೊಳದಿದ್ದು ನಾನು ಅಂತ ಅಪ್ಪಗ ಕೊನೀತನಕ ಗೊತ್ತಾಗಲಿಲ್ಲ."

"ಗೊತ್ತಿತ್ತು. ಅವತ್ತ ಸಂಜಿಮುಂದ ನನ್ನ ಕೈಗೆ ಎಣ್ಣಿ ಹಚ್ಚಿಕೋತ ಅಂದಿದ್ದ, 'ಇಷ್ಟು ಸುಳ್ಳು ಹೇಳಾವ ನನ್ನ ಮಗಳ ಚಲೋ ನೋಡ್ಕೋತಾನ' ಅಂತ."

ಅವಳಿಗೆ ತಡೆಯಲಾಗಲಿಲ್ಲ. ಅವನ ಭುಜಕ್ಕೆ ಹಣೆ ಒತ್ತಿಕೊಂಡಳು.

"ಯಶಿ... ಸೀಸ ಆರ್ತೈತಿ."

"ಆರ್ಲಿ. ಮತ್ತ ಕರಗಸೋಣ."

ಕೊನೆಗೂ ಸೀಸ ಹೊಯ್ದು, ಹೋಳು ಬಿಡಿಸಿದರು. ಒಂದು ಸುಕ್ಕೂ ಇಲ್ಲದ ಮೀನು ಹೊಳೆಯುತ್ತ ನಗುತ್ತಿತ್ತು. ಅವನು ಮತ್ತೆ ಅದನ್ನು ಕಿಟಕಿಗೆ ಕಟ್ಟಲು ಎದ್ದ.

"ಬ್ಯಾಡ," ಎಂದಳು ಅವಳು. "ಯಾರನ್ನ ಹಿಡಿಯಾಕ ಇನ್ನ?"

ಮಸಿಯಾದ ಬೆರಳಿನಿಂದ ಅವನ ಮೂಗಿನ ಮೇಲೆ ಉದ್ದಕ್ಕೆ ಗೆರೆ ಎಳೆದಳು.

"ಲೇ ಭೀಮ... ಅತ್ತಿ ಕರದಾಳ. ಭಾನುವಾರ ಸಿರುಗುಪ್ಪಕ್ಕ ಬರಬೇಕಂತ."

"ಬರ್ತೀನಿ. ಮಾರಿ ತೊಳಕೊಂಡು ಬರ್ಲೇನು?"

"ತೊಳಕೊಂಡ್ರ ನೋಡು ಮತ್ತ!"

ಅವನು ತೊಳೆದುಕೊಳ್ಳಲಿಲ್ಲ.