ಗುರುವಾರದ ನಿದ್ದೆ

“ಇವರು ನಿಮ್ಮ ಅಮ್ಮನಾ? ಹೀಗೆ ರಸ್ತೆಗೆ ಬಿಡುವುದಾ ಮಾರಾಯ್ರೆ? ನಮ್ಮ ಬಸ್ಸಿನಡಿಗೆ ಬೀಳುತ್ತಿದ್ದರು!”

ಕಾಪು ಪೇಟೆಯಲ್ಲಿ ಅಷ್ಟು ಜನರೆದುರು ಕಂಡಕ್ಟರ್ ದೇಜಪ್ಪ ಗದರಿದಾಗ ರತ್ನಾವತಿ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕು ದಿನದಿಂದ ನಿದ್ದೆ ಇರಲಿಲ್ಲ. ಮೀನು ತೊಳೆದು ಒಂದು ಗಳಿಗೆ ಗೋಡೆಗೆ ಒರಗಿದ್ದಷ್ಟೇ... ಅಮ್ಮ ಹೊರಟುಹೋಗಿದ್ದಳು.

“ಮನೆಗೆ ಹೋಗುವ, ಬನ್ನಿ ಅಮ್ಮ.”

“ನೀನು ಯಾರು? ಕೈ ಬಿಡು!”

ದೇಜಪ್ಪನ ಮುಖ ಸಣ್ಣದಾಯಿತು.

ಅದು 1984. ಆ ಮರೆವಿನ ಕಾಯಿಲೆಗೆ ಊರಿನವರು ಇಟ್ಟ ಹೆಸರು ಒಂದೇ, ಅರಳುಮರಳು. ನೆರೆಯವರು ಬರುವುದನ್ನು ಬಿಟ್ಟಿದ್ದರು. ಅಮ್ಮನನ್ನು ನೋಡಿ ರತ್ನಾವತಿಗೆ ಬಂದ ಎರಡು ಮದುವೆ ಸಂಬಂಧಗಳು ಹಿಂದೆ ಹೋಗಿದ್ದವು.

ಮುಂದಿನ ಗುರುವಾರ, ತನ್ನ ರಜೆಯ ದಿನ, ದೇಜಪ್ಪ ಮನೆ ಹುಡುಕಿಕೊಂಡು ಬಂದ.

“ಅವತ್ತು ತಿಳಿಯದೆ ಬೈದೆ. ಜಗಲಿಯಲ್ಲಿ ಅಮ್ಮನ ಹತ್ತಿರ ನಾನು ಕೂರುತ್ತೇನೆ. ನೀವು ಸ್ವಲ್ಪ ಮಲಗಿ.”

ಮೂರು ಗಂಟೆ ಮಲಗಿದಳು! ಎದ್ದು ಬಂದರೆ, ಅಮ್ಮ ಅವನಿಗೆ ಸಿಗಡಿ ಸುಲಿಯಲು ಕಲಿಸುತ್ತಿದ್ದಳು.

ಆಮೇಲೆ ಪ್ರತಿ ಗುರುವಾರವೂ ಬಂದ. ಒಂದು ದಿನ ಅವನೆಂದ, “ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸುವ.”

‘ಓ... ಇವನಿಗೂ ಅಮ್ಮ ಬೇಡವಾದಳು!’

“ನೀವು ಇನ್ನು ಬರಬೇಡಿ,” ಎಂದುಬಿಟ್ಟಳು.

ಐದು ಗುರುವಾರ ಯಾರೂ ಬರಲಿಲ್ಲ. ದಿನವಿಡೀ ಅವಳ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ರಸ್ತೆಯಲ್ಲಿ ಕಂಡಕ್ಟರನ ಸೀಟಿ ಕೇಳಿದರೆ ಕೈಯ ಕೆಲಸ ನಿಲ್ಲುತ್ತಿತ್ತು. ‘ಅವರೇ ಇರಬಹುದಾ?’

ಆರನೆಯ ವಾರ ಅಮ್ಮನ ತಲೆ ಬಾಚಿ, ಕೈಹಿಡಿದು ಪೇಟೆಗೆ ಬಂದಳು. ಅವನ ಬಸ್ಸು ನಿಂತಿತು.

“ಅಮ್ಮನನ್ನು ಅಲ್ಲೇ ಬಿಟ್ಟು ಬರಲು ಹೇಳಿದ್ದಲ್ವಾ ನೀವು?” ಇಳಿದವನನ್ನು ಕೇಳಿದಳು.

“ಬಿಟ್ಟು ಬರಲಿಕ್ಕಾ? ಎರಡು ದಿನ ಇರಿಸಿ ಪರೀಕ್ಷೆ ಮಾಡಿಸಲಿಕ್ಕೆ! ನನ್ನ ತಾಯಿಯೂ ಹೀಗೇ ಆಗಿ ತೀರಿಕೊಂಡದ್ದು. ಅಕ್ಕ ಒಬ್ಬಳೇ ನೋಡಿಕೊಂಡಳು. ನಾನು ಆ ಕಡೆ ತಲೆ ಹಾಕಲಿಲ್ಲ... ಅವಳು ಎಷ್ಟು ಸೋತಿದ್ದಳು ಅಂತ ನಿಮ್ಮನ್ನು ನೋಡಿದ ಮೇಲೆ ಗೊತ್ತಾಯಿತು.”

ಡ್ರೈವರ್ ಹಾರ್ನ್ ಹೊಡೆದ. ದೇಜಪ್ಪ ಕದಲಲಿಲ್ಲ.

“ವಾರಕ್ಕೊಂದು ದಿನ ಸಾಲುವುದಿಲ್ಲ ರತ್ನಾ. ನಿಮ್ಮನ್ನು ಮದುವೆಯಾಗಿ ನಿಮ್ಮ ಮನೆಗೇ ಬಂದು ಇರಲಾ?”

ಅವಳ ಕಣ್ಣು ತುಂಬಿತು.

“ಅಮ್ಮ ದಿನಾ ನಿಮ್ಮನ್ನು ಕೇಳ್ತಾರೆ, ನೀನು ಯಾರು ಅಂತ.”

“ಕೇಳಲಿ. ನಿಮ್ಮ ಅಳಿಯ ಅಂತ ದಿನಾ ಹೇಳುವ.”