ಮೊದಲ ಗುಂಪಿನ ಮೂರನೆಯವನು

"ಏನ್ರೀ, ಕಣ್ಣು ಕಾಣಿಸಲ್ವಾ? ಅದು ನನ್ನ ಸರದಿ!"

ಟೈಲರಮ್ಮ ಕೂಗಿದ ರಭಸಕ್ಕೆ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಬಿಪಿ ತೋರಿಸಿಕೊಂಡು ಬರುವಷ್ಟರಲ್ಲಿ, ಕನ್ನಡಕದ ಮನುಷ್ಯನೊಬ್ಬ ಮೇಜಿನ ಮುಂದೆ ಕೂತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದ.

"ಕ್ಷಮಿಸಿ," ಅಂದ, ತಲೆ ಎತ್ತದೆ. ಅಷ್ಟೇ!

"ಮೊದಲ ಗುಂಪಿಗೆ ಮೂರೇ ಜನ, ಭರ್ತಿ ಆಯ್ತು," ಎಂದಳು ನರ್ಸ್. "ನೀವು ಎರಡನೇ ಗುಂಪು. ಒಂದು ತಿಂಗಳು ಕಾಯ್ಬೇಕಮ್ಮ."

ಒಂದು ತಿಂಗಳು! ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡವಳಿಗೆ!

ಕೀಮೋ ಸೋತಿತ್ತು, ರೇಡಿಯೇಷನ್ ಸೋತಿತ್ತು. ಉಳಿದಿದ್ದು ಇದೊಂದೇ. ಮೈಯೊಳಗಿನ ಕಾವಲು ಕಣಗಳನ್ನು ಎಬ್ಬಿಸಿ, ಗಡ್ಡೆಯನ್ನೇ ಗುರಿಯಿಟ್ಟು ಹೊಡೆಸುವ ಹೊಸ ಔಷಧಿ. ಇಲಿಗಳಿಗೆ ಕೊಟ್ಟು ನೋಡಿದ್ದರು. ಮನುಷ್ಯರಿಗೆ ಇದೇ ಮೊದಲು. ಆ ಬಾಗಿಲನ್ನೂ ಒಬ್ಬ ಮುಖದ ಮೇಲೆ ಮುಚ್ಚಿದ್ದ.

ಪ್ರತಿ ಸೋಮವಾರ ಅವಳು ರಕ್ತಪರೀಕ್ಷೆಗೆ ಬಂದಾಗ ಅವನು ಎದ್ದು ಕುರ್ಚಿ ಬಿಡುತ್ತಿದ್ದ.

"ಈಗ ನೆನಪಾಯ್ತಾ ಜಾಗ ಬಿಡೋದು?" ಅವಳು ನಿಂತೇ ಇರುತ್ತಿದ್ದಳು. ಹೊಟ್ಟೆ ಹಿಂಡುತ್ತಿದ್ದರೂ.

"ಪಾಪ ಕಣೆ, ಪ್ರೆಸ್ಸಲ್ಲಿ ಕರಡು ತಿದ್ದೋರಂತೆ. ಒಂದು ಅಕ್ಷರ ತಪ್ಪಿದ್ರೂ ಹಿಡೀತಾರಂತೆ," ಅಂದಳು ಜೊತೆಗೆ ಬಂದಿದ್ದ ಅಕ್ಕ.

"ಬೇರೆಯವರ ತಪ್ಪು ಹಿಡಿಯೋಕೇನು, ಎಲ್ರಿಗೂ ಬರುತ್ತೆ!"

ತಿಂಗಳು ಕಳೆಯಿತು. ಅವಳ ಸರದಿ ಬಂದ ದಿನ ಡಾಕ್ಟರಮ್ಮ ಎದುರು ಕೂರಿಸಿಕೊಂಡು ಹೇಳಿದರು. "ಇದು ಮೊದಲ ಗುಂಪಿಗೆ ಕೊಟ್ಟಿದ್ದಕ್ಕಿಂತ ಹತ್ತು ಪಟ್ಟು. ಅಪಾಯವೂ ಜಾಸ್ತಿ."

"ಅವರಿಗ್ಯಾಕೆ ಅಷ್ಟು ಕಮ್ಮಿ?"

"ಮೈ ತಡ್ಕೊಳ್ಳುತ್ತಾ ನೋಡೋಕೆ. ಆ ಪ್ರಮಾಣದಿಂದ ಗಡ್ಡೆ ಕರಗುತ್ತೆ ಅಂತ ನಾವು ಯಾರಿಗೂ ಹೇಳಿಲ್ಲ. ಒಪ್ಪಿಗೆ ಪತ್ರದ ಹನ್ನೊಂದನೇ ಪುಟದಲ್ಲಿದೆಯಲ್ಲ!"

ಆ ದಪ್ಪ ಕಟ್ಟನ್ನು ಯಾರು ಓದುತ್ತಾರೆ? ಅವಳು ಕೊನೇ ಪುಟ ತೆಗೆದು ಸಹಿ ಹಾಕುವವಳು. ಆದರೆ ಅವನು... ಅಕ್ಷರ ಅಕ್ಷರ ಓದುವವನು!

'ಗೊತ್ತಿದ್ದೂ ನುಗ್ಗಿದನಾ? ನಾನು ಮೂರನೆಯವಳಾಗಬಾರದು ಅಂತ?'

ಕೇಳೋಣವೆಂದರೆ ಪುರುಸೊತ್ತಾಗಲಿಲ್ಲ. ಔಷಧಿ ಹನಿಸಿದ ಸಂಜೆಯೇ ಮೈ ಕೆಂಡವಾಯಿತು. ಆರು ದಿನ ತೀವ್ರ ನಿಗಾ ಘಟಕದಲ್ಲಿ ನಡುಗಿದಳು. ಬದುಕಿಕೊಂಡಳು, ಆದರೆ ವಾರಗಟ್ಟಲೆ ಹಾಸಿಗೆ ಬಿಟ್ಟೇಳಲಿಲ್ಲ. ಆರು ವಾರಕ್ಕೆ ಸ್ಕ್ಯಾನ್ ಆಯಿತು.

ಗಡ್ಡೆ ಬೆಳೆದಿತ್ತು.

ಡಾಕ್ಟರಮ್ಮನ ಮಾತು ಮುಗಿಯುವ ಮೊದಲೇ ಎದ್ದು, ಗೋಡೆ ಹಿಡಿದುಕೊಂಡು ಅವನಿದ್ದ ಕೆಳಗಿನ ವಾರ್ಡಿಗೆ ಹೋದಳು. ಅವನ ಗಡ್ಡೆ ಎಂದೋ ಬೆಳೆದು, ಅವನನ್ನು ಔಷಧಿ ಪರೀಕ್ಷೆಯಿಂದ ಕೈಬಿಟ್ಟಿದ್ದರು. ಮನೆಗೆ ಹೊರಡಲು ಮಂಚದ ಅಂಚಿನಲ್ಲಿ ಕೂತು ಚೀಲದ ಜಿಪ್ಪಿನೊಂದಿಗೆ ಹೆಣಗುತ್ತಿದ್ದ. ಇಳಿದು ಅರ್ಧ ಆಗಿದ್ದ.

"ಹನ್ನೊಂದನೇ ಪುಟ ಓದಿದ್ರಾ?"

ಅವನು ಜಿಪ್ಪನ್ನೇ ಎಳೆಯುತ್ತಿದ್ದ.

"ಓದಿದ್ರಾ, ಇಲ್ವಾ?!"

"...ಓದಿದ್ದೆ."

"ನನ್ನನ್ನ ಒಂದು ಮಾತು ಕೇಳ್ದೆ, ನನ್ನ ಜೀವದ ತೀರ್ಮಾನ ಮಾಡೋಕೆ ನೀವ್ಯಾರ್ರೀ?"

"ಯಾರೂ ಅಲ್ಲ..." ಅವನು ಚೀಲ ಕೆಳಗಿಟ್ಟ. "ನಾನು ನಿಮಗೆ ಯಾರಾದ್ರೂ ಆಗ್ಬೇಕು ಅಂತಿತ್ತು. ರೇಡಿಯೇಷನ್ ಸಾಲಲ್ಲಿ ಆರು ವಾರ ನಿಮ್ಮ ಹಿಂದೆ ನಿಂತಿದ್ದೆ. ಲಿಫ್ಟಿನವನಿಗೆ ಬೈತಿದ್ರಿ, ಡಾಕ್ಟರಿಗೂ ಬೈತಿದ್ರಿ. ಸಾಯೋರೆಲ್ಲ ಮೆತ್ತಗಾಗ್ತಾರೆ, ಇವರೊಬ್ರು ಆಗ್ಲಿಲ್ಲವಲ್ಲ ಅಂತ... ಆ ಗಂಟಲು ಉಳೀಲಿ ಅಂತ ಆಸೆ ಆಯ್ತು. ಹೇಳಿದ್ರೆ ನೀವು ಒಪ್ತಿದ್ರಾ?"

"ಇಲ್ಲ!"

"ಅದಕ್ಕೇ ಹೇಳ್ಲಿಲ್ಲ. ಸ್ಕ್ಯಾನ್... ಏನಂದ್ರು?"

ಸುಳ್ಳು ಹೇಳಬಹುದಿತ್ತು. 'ಕರಗಿದೆ' ಅಂದಿದ್ದರೆ ಆ ಮುಖ ಅರಳುತ್ತಿತ್ತು. ಆದರೆ ಇವನೆದುರು ಸುಳ್ಳು ಅವಳ ನಾಲಿಗೆಗೆ ಬರಲಿಲ್ಲ.

"ಬೆಳೆದಿದೆ."

ಅವನು ಕನ್ನಡಕ ತೆಗೆದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನಾನೇ ನಿಮ್ಮನ್ನ ಬೆಂಕಿಗೆ ತಳ್ಳಿದೆ... ಆ ಜ್ವರ, ಆ ಆರು ದಿನ..."

"ಜ್ವರ ಬಿಡಿ. ಒಂದು ತಿಂಗಳಿಡೀ ನಿಮ್ಮನ್ನ ಶಪಿಸಿದ್ನಲ್ಲ, ಅದಕ್ಕೆ ಹೊಟ್ಟೆ ಉರೀತಿದೆ." ಅವಳು ಪಕ್ಕದಲ್ಲಿ ಕುಸಿದು ಕೂತಳು. "ಇರೋದೇ ಬೆರಳೆಣಿಕೆ ದಿನ. ಅದ್ರಲ್ಲಿ ಅಷ್ಟು ದಂಡ ಮಾಡ್ಕೊಂಡೆ!"

ಇಬ್ಬರೂ ಅತ್ತರು.

"ಮನೇಲಿ ಯಾರಿದ್ದಾರೆ?" ಕೊನೆಗೆ ಕೇಳಿದಳು.

"ಯಾರೂ ಇಲ್ಲ."

"ನಮ್ಮನೆಗೆ ಬಾ. ಅಕ್ಕ ಇದ್ದಾಳೆ, ಬೈಯೋಕೆ ನಾನಿದ್ದೀನಿ."

ಅವನು ಬೆರಗಾಗಿ ನೋಡಿದ. "ಜನ ಏನಂತಾರೆ?"

"ಅನ್ಲಿ ಬಿಡು. ಅವರು ಅಂದು ಮುಗಿಸೋದ್ರೊಳಗೆ ನಾವೇ ಮುಗಿದಿರ್ತೀವಿ."

ಅವನು ನಕ್ಕ. ನಗು ಕೆಮ್ಮಾಗಿ, ಉಸಿರು ಸಿಕ್ಕಿಕೊಂಡಿತು. ಅವಳು ಬೆನ್ನು ನೀವಿದಳು. ಕೈಗೆ ಬರೀ ಮೂಳೆ ಸಿಕ್ಕಿತು. ಆದರೂ ಕೈ ತೆಗೆಯಲಿಲ್ಲ.

"ಎದ್ದೇಳೋಕಾಗುತ್ತಾ?"

"ನೀನು ಹಿಡ್ಕೊಂಡ್ರೆ..."

"ಹಿಡ್ಕೊಂಡಿದ್ದೀನಲ್ಲ!"