ಬಿಕರ್ನಕಟ್ಟೆಯ ಕ್ಯಾಮೆರಾಕ್ಕೆ ಬಿದ್ದ ಬೀಗ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹರಿದಾಸರ ಮುಖ ನೋಡಿದರೆ, ನೇತ್ರಾವತಿ ಸೇತುವೆಯನ್ನೇ ಯಾರೋ ಕದ್ದೊಯ್ದಿದ್ದಾರೆ ಎನ್ನಬೇಕು. ಕಳುವಾದದ್ದು ಏನೂ ಇರಲಿಲ್ಲ. ಬಿಕರ್ನಕಟ್ಟೆಯಲ್ಲಿ ಅವರಿರುವ ಅಪಾರ್ಟ್‌ಮೆಂಟಿನ ಸಿಸಿಟಿವಿಗೆ ಯಾರೋ ಪಾಸ್‌ವರ್ಡ್ ಹಾಕಿಬಿಟ್ಟಿದ್ದರು.

"ಮಂಗಳವಾರದಿಂದ ಮೊಬೈಲಿನಲ್ಲಿ ಎಂತದೂ ಕಾಣುವುದಿಲ್ಲ ಸರ್. ನಾನು ಅಸೋಸಿಯೇಶನ್ ಅಧ್ಯಕ್ಷ. ನನಗೇ ಹೀಗಾದರೆ?"

ಇನ್‌ಸ್ಪೆಕ್ಟರ್ ಜಿತೇಶ್ ಸಾಮಾನ್ಯ ಆಸಾಮಿಯಲ್ಲ. ಅವರು ಬಂದರಿನಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಆಚೆ ದಡದ ಬೆಂಗ್ರೆಗೆ ಹೊರಟ ಫೆರಿ ದೋಣಿ ನಡುನೀರಿನಿಂದ ತಪಾಸಣೆಗೆ ತಿರುಗಿ ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿ, ಹನ್ನೊಂದೂವರೆಗೆ ಕಾನ್‌ಸ್ಟೇಬಲ್ ಮೆಲಿಸಾಳೊಂದಿಗೆ ಪಂಚನಾಮೆಗೆ ಹೊರಟೇಬಿಟ್ಟರು.

ಕ್ಯಾಮೆರಾಗಳ ರೆಕಾರ್ಡಿಂಗ್ ಪೆಟ್ಟಿಗೆ ಇದ್ದದ್ದು ಹರಿದಾಸರ ಮನೆಯ ಹಾಲ್‌ನಲ್ಲೇ, ಟಿವಿಯ ಪಕ್ಕ. ಅದನ್ನು ಮೊದಲು ಕೂರಿಸಿದ್ದ ಶೋಭಿತ್ ಲ್ಯಾಪ್‌ಟಾಪ್ ಜೋಡಿಸಿ ನೋಡಿದ.

"ಪಾಸ್‌ವರ್ಡ್ ಬದಲಾಗಿದೆ ಸರ್. ರೆಕಾರ್ಡಿಂಗೂ ಎನ್‌ಕ್ರಿಪ್ಟ್ ಆಗಿದೆ. ಡಿಸ್ಕ್ ಕಳಚಿ ಬೇರೆ ಕಡೆ ಹಾಕಿದರೂ ಬರೀ ಕಸ ಕಾಣ್ತದೆ."

"ಹೊರಗಿನವರಾ?"

"ಅಲ್ಲ. ಈ ಕಟ್ಟಡದ ವೈಫೈಯಲ್ಲಿ ಇದ್ದವರೇ. ಹಳೆಯ ಪಾಸ್‌ವರ್ಡ್ ಪೆಟ್ಟಿಗೆಯ ಮೇಲೆಯೇ ಅಂಟಿಸಿ ಉಂಟಲ್ಲ ಮಾರಾಯ್ರೆ."

ಕಟ್ಟಡಕ್ಕೆ ಕಟ್ಟಡವೇ ಸೂತಕದಲ್ಲಿತ್ತು. ಯಾರ ಮನೆಗೆ ಯಾರು ಬಂದರೆಂದು ನೋಡದೆ ಅಲ್ಲಿ ಯಾರಿಗೂ ಸಂಜೆಯ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಲ್ಲರೂ ಬಾಯಿಬಾಯಿ ಬಡಿದುಕೊಂಡರು.

ಜಿತೇಶ್ ಆ್ಯಪ್ ನೋಡಲು ಹರಿದಾಸರ ಫೋನ್ ಕೇಳಿ ಪಡೆದರು. ಅವರ ಹೆಬ್ಬೆರಳು ಕರೆಗಳ ಪಟ್ಟಿಗೂ ಹೋಯಿತು. ಹೆಂಡತಿ ರಮಾದೇವಿಗೆ ಮಾಡಿದ ಕರೆಗಳು ಇರುವೆ ಸಾಲಿನಂತೆ ಇಳಿದಿದ್ದವು. ಮಂಗಳವಾರದಿಂದೀಚೆಗೆ ಒಂದೂ ಇರಲಿಲ್ಲ.

"ಹೆಂಡತಿ ಹತ್ತಿರ ಜಗಳವಾ?"

"ಛೆ, ಇಲ್ಲ ಸರ್. ಅವಳು ಬಾಗಿಲು ತೆಗೆದದ್ದು ಮೊಬೈಲಿನಲ್ಲಿ ಕಂಡರೆ ಆಫೀಸಿನಿಂದ ಫೋನ್ ಮಾಡ್ತೇನೆ, ಎಲ್ಲಿಗೆ ಅಂತ. ಈಗ ಕಾಣುವುದೇ ಇಲ್ಲ. ಎಂತ ಕೇಳುವುದು?"

ಜಿತೇಶ್ ಅಡುಗೆಮನೆಯ ಕಡೆ ತಿರುಗಿದರು. ರಮಾದೇವಿ ಆಗಲೇ ಕೈ ಒರೆಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

"ಪಾಸ್‌ವರ್ಡ್ ಹಾಕಿದ್ದು ನೀವಾ ಅಮ್ಮ?"

"ಹೌದು."

ಪಂಚನಾಮೆ ಬರೆಯುತ್ತಿದ್ದ ಮೆಲಿಸಾಳ ಪೆನ್ನು ನಿಂತಿತು.

"ಯಾರು ಕಲಿಸಿದ್ದು?"

"ಶೋಭಿತನೇ. ಪೆಟ್ಟಿಗೆ ಕೂರಿಸಿದ ದಿನ, ಮೊದಲು ಪಾಸ್‌ವರ್ಡ್ ಬದಲಿಸಿ, ಎನ್‌ಕ್ರಿಪ್ಶನ್ ಆನ್ ಮಾಡಿ ಅಂತ ಇವರಿಗೆ ಬಿಡಿಸಿ ಬಿಡಿಸಿ ಹೇಳಿದ. ಇವರು ಕೇಳಲಿಲ್ಲ. ಕಾಫಿ ತಂದ ನಾನು ಕೇಳಿದೆ."

"ಪಾಸ್‌ವರ್ಡ್ ಹೇಳಿ."

"ಹೇಳುವುದಿಲ್ಲ."

"ಅರೆಸ್ಟ್ ಮಾಡಬೇಕಾಗ್ತದೆ."

"ಮಾಡಿ. ಸೀರೆ ಬದಲಿಸಲಿಕ್ಕೆ ಟೈಮ್ ಉಂಟಾ?"

ಕಾಸರಗೋಡಿನಿಂದ ಕಾರವಾರದವರೆಗಿನ ಪುಂಡರ ಬಾಯಿ ಬಿಡಿಸಿದ ಜಿತೇಶ್ ಮೂರು ಸಲ ಕೇಳಿ ಸೋತರು. ಪೆಟ್ಟಿಗೆಯನ್ನು ರೀಸೆಟ್ ಮಾಡಬಹುದು, ಆದರೆ ಹಳೆಯ ರೆಕಾರ್ಡಿಂಗ್ ಎಲ್ಲ ಹೋಗ್ತದೆ ಎಂದ ಶೋಭಿತ್.

"ಹೋಗಲಿ," ಎಂದರು ರಮಾದೇವಿ. "ಅದರಲ್ಲಿ ಉಂಟಾದರೂ ಎಂತ? ನಾನು ಬಾಗಿಲು ತೆಗೆದದ್ದು, ಹಾಕಿದ್ದು."

ಮಧ್ಯಾಹ್ನ ಒಂದು ಹತ್ತಕ್ಕೆ ಬಂಧನ ದಾಖಲಾಯಿತು. ಜಾಮೀನು ಸಿಗುವ ಅಪರಾಧ, ಸಂಜೆಯೊಳಗೆ ಬಿಡುಗಡೆ. ಮೆಲಿಸಾಳ ಜೊತೆ ರಮಾದೇವಿ ಬಾಗಿಲು ದಾಟುವಾಗ ಹರಿದಾಸರ ಬಾಯಿಂದ ಅಭ್ಯಾಸಬಲದಿಂದ ಬಂದೇಬಿಟ್ಟಿತು.

"ಎಲ್ಲಿಗೆ?"

"ಠಾಣೆಗೆ. ಬರುವಾಗ ತಡ ಆಗ್ತದೆ. ಕುಕ್ಕರಿನಲ್ಲಿ ಅನ್ನ ಉಂಟು."

ಜೀಪು ನಂತೂರು ದಾಟಿತು. ಜಿತೇಶ್ ಹಿಂದೆ ತಿರುಗದೆ ಕೇಳಿದರು.

"ಮಂಗಳವಾರ ಎಲ್ಲಿಗೆ ಹೋಗಿದ್ರಿ ಅಮ್ಮ?"

"ಉಳ್ಳಾಲಕ್ಕೆ. ಬಸ್ಸಿನಲ್ಲಿ. ಸ್ವಲ್ಪ ಹೊತ್ತು ಕಡಲು ನೋಡಿ ಬಂದೆ."

"ಅಷ್ಟೇಯಾ?"

"ಅಷ್ಟೇ ಸರ್. ಫೋನ್ ಬರಲಿಲ್ಲ."